ದೇವರ ಮನೆ

ಪನವೇಲಿನ ಯಹೂದಿ ಸಿನಗಾಗಿನ ಹೆಸರು ಬೆಥ್ ಎಲ್. ರೇವದಂಡಾದ ಸಿನಗಾಗಿಗೂ ಅದೇ ಹೆಸರು. ಪೆಣ್ ಊರಿನದು ಬೆಥ್ ಹಾ ಎಲೋಹಿಂ. ಹೀಬ್ರೂ ಭಾಷೆಯಲ್ಲಿ ಬೆಥ್ ಅಂದರೆ ಮನೆ. ಎಲ್, ಎಲೋಹಿಂ ಅಂದರೆ ದೇವರು. ಊರಿಗೆ ಹೋಗುವಾಗ ಬರುವಾಗ ನೂರಾರು ಸಲ ಪನವೇಲ್, ಪೆಣ್ ದಾಟಿದ್ದೇನೆ. ಕಿಟಕಿಯಿಂದ ಕಂಡದ್ದು ಗಣಪತಿ ಮೂರ್ತಿಯ ಕಾರ್ಖಾನೆಗಳು, ವಡಾಪಾವಿನ ಗಾಡಿಗಳು. ಒಳಗಿನ ಓಣಿಗಳಲ್ಲಿ ಇಂಥ ಹೆಸರಿನ ಕಟ್ಟಡಗಳಿವೆ ಎಂದು ಗೊತ್ತಾದದ್ದು ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ, ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ತಾಯಿಯಿಂದ. (ಮರಾಠಿಯ ತಾಯಿ ಅಂದರೆ ಅಕ್ಕ. ನನ್ನ ಅತ್ತೆಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ‘ಆಫೀಸಿನಲ್ಲೂ ಒಬ್ಬಳು ತಾಯಿಯೇ ನಿನಗೆ?’ ಎಂದು ಕೇಳುತ್ತಿದ್ದರು.)

‘ಹಾಗಾದರೆ ಬೆಥ್ ಎಲ್ ಅಂದರೆ ದೇವರ ಮನೆ. ನಮ್ಮಲ್ಲೂ ಅದೇ ಶಬ್ದ ಇದೆ’ ಎಂದೆ. ಹೇಳಿದ ಮೇಲೆ ಯೋಚನೆಗೆ ಬಂತು, ಶಬ್ದ ಒಂದೇ, ಜಾಗ ಬೇರೆ. ನಾವು ಯಾರೂ ದೇವಸ್ಥಾನವನ್ನು ದೇವರ ಮನೆ ಅನ್ನುವುದಿಲ್ಲ. ಅದು ಗುಡಿ, ಮಠ, ದೇವಸ್ಥಾನ. ದೇವರ ಮನೆ ಅಂದರೆ ನಮಗೆ ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆ. ಬಗ್ಗಿ ಒಳಗೆ ಹೋಗಬೇಕು. ಮನೆಯೊಳಗಿನ ಮನೆ ಅದು. ತಾಯಿ ನಕ್ಕು, ‘ನಮ್ಮದೂ ಮೊದಲು ಒಳಗೇ ಇತ್ತು’ ಎಂದರು. ಆ ಮಾತಿನ ಹಿಂದೆ ಎಷ್ಟೆಲ್ಲ ಇದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ತಾಯಿ ಬೆನೆ ಇಸ್ರೇಲಿ. ಕೊಂಕಣದ ಯಹೂದಿಗಳು ಇವರು. ಎಂದೋ ಒಂದು ಕಾಲದಲ್ಲಿ ಅಲಿಬಾಗಿನ ಹತ್ತಿರದ ನವಗಾಂವ್ ದಂಡೆಯಲ್ಲಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಬದುಕಿ ಉಳಿದರಂತೆ. ಅವರ ಸಂತತಿ ತಾವು ಎಂದು ಇವರ ನಂಬಿಕೆ. ಎಣ್ಣೆಗಾಣ ಹಿಡಿದರು, ಮರಾಠಿ ಮಾತಾಡಿದರು, ಊರಿನ ಹೆಸರಿಗೆ ‘ಕರ್’ ಹಚ್ಚಿ ಅಡ್ಡಹೆಸರು ಮಾಡಿಕೊಂಡರು. ಕಿಹೀಮಿನವರು ಕೇಹಿಂಕರ್, ದಿವೇ ಆಗರಿನವರು ದಿವೇಕರ್, ಪೆಣ್‌ನವರು ಪೆಣಕರ್. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅಕ್ಕಪಕ್ಕದವರು ಇವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಗಾಣದವರು ನಮ್ಮ ಕಡೆಯೂ ಇದ್ದಾರೆ, ಆದರೆ ವಾರದ ಒಂದು ದಿನದಿಂದ ಗುರುತಿಸಿಕೊಂಡವರು ನನಗೆ ತಿಳಿದಂತೆ ಇಲ್ಲ.

ಈ ಜನಕ್ಕೆ ಶತಮಾನಗಳ ಕಾಲ ಸಿನಗಾಗ್ ಎನ್ನುವುದೇ ಇರಲಿಲ್ಲ. ಮೊದಲನೆಯದು ಕಟ್ಟಿದ್ದು 1796ರಲ್ಲಿ, ಮುಂಬಯಿಯ ಮಾಂಡವಿಯಲ್ಲಿ. ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್, ಕಂಪನಿಯ ಸೈನ್ಯದ ದೇಶೀ ಅಧಿಕಾರಿ. ಇದರಲ್ಲಿ ನಮ್ಮ ನಾಡಿನ ಒಂದು ಎಳೆ ಸೇರಿಕೊಂಡಿದೆ. ಎರಡನೆಯ ಮೈಸೂರು ಯುದ್ಧದಲ್ಲಿ ದಿವೇಕರ್ ಟಿಪ್ಪುವಿಗೆ ಸೆರೆಸಿಕ್ಕಿದ್ದರು. ಕುರಾನಿನಲ್ಲಿ ಬನಿ ಇಸ್ರಾಯೀಲರ ಮಾತು ಬರುತ್ತದೆ, ಆದರೆ ಆ ಕುಲದವರನ್ನು ಕಣ್ಣಾರೆ ಕಂಡವರಿಲ್ಲ, ಇವರ ಜೀವ ಉಳಿಸು ಎಂದು ಟಿಪ್ಪುವಿನ ತಾಯಿಯೇ ಮಗನಿಗೆ ಹೇಳಿದಳು ಎಂದು ಬೆನೆ ಇಸ್ರೇಲಿಗಳ ಮನೆಮನೆಯಲ್ಲಿ ಕತೆ ಹೇಳುತ್ತಾರೆ. ಕತೆಯೋ ಚರಿತ್ರೆಯೋ, ಸೆರೆಯಿಂದ ಬಂದ ದಿವೇಕರ್ ಹರಕೆ ತೀರಿಸಿದಂತೆ ಸಿನಗಾಗ್ ಕಟ್ಟಿಸಿದರು. ಶಾರ್ ಹಾರಹಮೀಮ್, ಕರುಣೆಯ ಬಾಗಿಲು. ಆ ಬೀದಿ ಸ್ಯಾಮ್ಯುಯೆಲ್ ಸ್ಟ್ರೀಟ್ ಆಯಿತು. ಪ್ರಾರ್ಥನೆಯ ಜಾಗಕ್ಕೆ ಇವರು ಮರಾಠಿಯಲ್ಲಿ ‘ಮಶೀದ್’ ಎನ್ನುತ್ತಿದ್ದರಿಂದ ಅದು ಜೂನಿ ಮಶೀದ್. ನಮ್ಮ ಸೆಂಟ್ರಲ್ ಲೈನಿನ ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದು ಇದರಿಂದಲೇ ಎನ್ನುತ್ತಾರೆ. ಠಾಣೆಯಿಂದ ಸಿಎಸ್‌ಟಿಗೆ ಮೂವತ್ತು ವರ್ಷ ಹೋದವಳು ನಾನು. ಕೊನೆಯ ಸ್ಟೇಷನ್ನಿಗೆ ಮೊದಲು ಚೀಲ ಹೆಗಲಿಗೆ ಹಾಕಿಕೊಳ್ಳುವ ಜಾಗ ಅಂತಷ್ಟೇ ಅದು ನನಗೆ ಗೊತ್ತಿತ್ತು.

1796ಕ್ಕೆ ಮೊದಲು ಏನಿತ್ತು? ಮನೆ ಇತ್ತು. ಮಗುವಿನ ಸುನ್ನತಿ, ಮದುವೆ, ಶನಿವಾರದ ವಿಶ್ರಾಂತಿ, ಹಬ್ಬದ ಉಪವಾಸ ಎಲ್ಲ ಮನೆಯಲ್ಲೇ. ಎಲಿಯಾಹು ಹನ್ನಾಬಿಯ ಹೆಸರಿನಲ್ಲಿ ಮಲಿದಾ ಎಂಬ ಹರಕೆ ಒಪ್ಪಿಸುವುದು ಇವತ್ತಿಗೂ ಮನೆಯಲ್ಲೇ. ಅವಲಕ್ಕಿ, ತೆಂಗಿನತುರಿ, ಸಿಹಿ, ಏಲಕ್ಕಿ ಕಲಸಿ ಹರಿವಾಣದಲ್ಲಿ ಗುಡ್ಡೆ ಮಾಡಿ ಸುತ್ತ ಹಣ್ಣು ಇಡುತ್ತಾರೆ. ಮೊದಲ ಸಲ ತಾಯಿ ಡಬ್ಬಿಯಲ್ಲಿ ತಂದು ಕೊಟ್ಟಾಗ ‘ಇದು ನಮ್ಮ ಅವಲಕ್ಕಿ ಪಂಚಕಜ್ಜಾಯ’ ಎಂದೆ. ‘ನಿಮ್ಮದು ಎಲ್ಲವೂ ಮೊದಲೇ ಇರುತ್ತದೆ ಬಿಡು’ ಎಂದರು.

ಇದನ್ನೆಲ್ಲ ಬರೆಯುವುದಕ್ಕೆ ಕಾರಣವಾದದ್ದು ನಮ್ಮದೇ ಮನೆ. ಕುಮಟೆಯಿಂದ ಒಳಗೆ, ಅಘನಾಶಿನಿಯ ದಂಡೆಯ ಊರಿನಲ್ಲಿ ಅಜ್ಜ ಕಟ್ಟಿಸಿದ್ದು. ಎರಡು ಬದಿಗೆ ಜಗಲಿ, ಹಲಸಿನ ಮರದ ಕಂಬ, ಮಂಗಳೂರು ಹಂಚು. ಆಯಿ ತೀರಿಹೋಗಿ ಆರು ವರ್ಷವಾಯಿತು. ಅಂದಿನಿಂದ ಬೀಗ. ಅಣ್ಣ ಹುಬ್ಬಳ್ಳಿಯಲ್ಲಿ, ತಮ್ಮ ಪುಣೆಯಲ್ಲಿ, ನಾನು ಠಾಣೆಯಲ್ಲಿ. ಪ್ರತಿ ಮಳೆಗಾಲದಲ್ಲಿ ಅಣ್ಣ ಒಬ್ಬರೇ ಹೋಗಿ ಒಡೆದ ಹಂಚು ಬದಲಿಸಿ, ಮನೆ ನೋಡಿಕೊಳ್ಳುವ ಹಮ್ಮಜ್ಜನಿಗೆ ದುಡ್ಡು ಕೊಟ್ಟು, ಬೆನ್ನು ನೋವು ತಂದುಕೊಂಡು ವಾಪಸು ಬರುತ್ತಾರೆ. ಗೋಕರ್ಣದ ಕಡೆ ರೆಸಾರ್ಟ್ ನಡೆಸುವವರು ತಮ್ಮನ ಬೆನ್ನು ಹತ್ತಿದ್ದರು. ಅವರಿಗೆ ಬೇಕಾದದ್ದು ಮನೆಯಲ್ಲ, ಕಂಬ ಮತ್ತು ಬಾಗಿಲು. ಬಿಚ್ಚಿ ಒಯ್ದು ಬೇರೆಡೆ ಜೋಡಿಸುತ್ತಾರೆ. ಅಷ್ಟರಲ್ಲಿ ಊರಿನ ಭಜನಾ ಮಂಡಳಿಯವರು ಅಣ್ಣನ ಹತ್ತಿರ ಬಂದು, ಮನೆಯನ್ನು ನಮಗೆ ಕೊಡಿ, ಭಜನಾ ಮಂದಿರ ಮಾಡುತ್ತೇವೆ ಎಂದು ಕೇಳಿದರು.

ಕೇಳುವುದಕ್ಕೆ ಅವರಿಗೆ ಹಕ್ಕಿತ್ತು. ಅಜ್ಜನ ಕಾಲದಿಂದ ಅಪ್ಪಯ್ಯ ಹಾಸಿಗೆ ಹಿಡಿಯುವವರೆಗೆ ಶನಿವಾರದ ಭಜನೆ ನಡೆದದ್ದು ನಮ್ಮ ಜಗಲಿಯಲ್ಲೇ. ಗ್ಯಾಸ್‌ಲೈಟ್ ಹಚ್ಚಿ, ಚಾಪೆ ಹಾಸಿ, ಹತ್ತು ಹದಿನೈದು ಗಂಡಸರು ತಾಳ ಬಡಿದು ಹಾಡುತ್ತಿದ್ದರು. ಒಳಗೆ ಆಯಿ ಅವಲಕ್ಕಿ ಕಲಸುತ್ತಿದ್ದಳು. ಕಿರಾಣಿ ಅಂಗಡಿ, ಅಘನಾಶಿನಿ ಸೇತುವೆ, ಯಾರ ಹಸು ಕರು ಹಾಕಿತು, ಎಲ್ಲ ಮಾತೂ ಆ ಜಗಲಿಯಲ್ಲೇ ಆಗುತ್ತಿತ್ತು. ಹಾಗಾಗಿ ಊರಿನವರ ಮಟ್ಟಿಗೆ ಅದು ಅರ್ಧ ಮಂದಿರವೇ. ಅಣ್ಣ ಒಪ್ಪಿದರು. ತಮ್ಮ ಗೊಣಗಿ ಒಪ್ಪಿದ. ‘ತಂಗೀ, ಇನ್ನು ನಿನ್ನ ಸಹಿ ಒಂದು ಬೇಕು’ ಎಂದು ಅಣ್ಣ ಫೋನು ಮಾಡಿದರು. 2005ರ ತಿದ್ದುಪಡಿಯಾದ ಮೇಲೆ ಮಗಳ ಸಹಿ ಇಲ್ಲದೆ ಇಂಥ ಕಾಗದ ಮುಂದೆ ಹೋಗುವುದಿಲ್ಲ. ಇಲ್ಲದಿದ್ದರೆ ವಿಷಯ ನನ್ನವರೆಗೆ ಬರುತ್ತಲೇ ಇರಲಿಲ್ಲವೇನೋ. ಅಣ್ಣನ ಮೇಲೆ ಬೇಸರದಿಂದ ಹೇಳುತ್ತಿಲ್ಲ, ನಮ್ಮಲ್ಲಿ ರೂಢಿಯೇ ಹಾಗೆ.

ನನಗೆ ಸಹಿ ಹಾಕಲು ಕೈ ಬರಲಿಲ್ಲ. ಮಾರುವುದಕ್ಕಿಂತ ಇದು ಒಳ್ಳೆಯದು ಎಂದು ಗೊತ್ತಿತ್ತು. ಆದರೆ ನಮ್ಮ ಕಡೆ ಮಂದಿರವಾದ ಮನೆಗಳನ್ನು ನೋಡಿದ್ದೇನೆ. ಮೊದಲ ವರ್ಷ ಜಗಲಿಗೆ ಕಬ್ಬಿಣದ ಗ್ರಿಲ್ ಬರುತ್ತದೆ, ಎರಡನೆಯ ವರ್ಷ ನೆಲಕ್ಕೆ ಗ್ರಾನೈಟು, ಮೂರನೆಯ ವರ್ಷ ಹಂಚು ಇಳಿಸಿ ಸ್ಲ್ಯಾಬು, ಅದರ ಮೇಲೆ ಪೇಂಟು ಬಳಿದ ಗೋಪುರ. ಗೋಡೆಯ ತುಂಬ ದೇಣಿಗೆ ಕೊಟ್ಟವರ ಹೆಸರಿನ ಕಲ್ಲು. ನಾನು ಹುಟ್ಟಿದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಪೇರಿಸಿಟ್ಟಿರುತ್ತಾರೆ.

ಇದನ್ನು ತಾಯಿಯ ಹತ್ತಿರ ಹೇಳಿಕೊಂಡೆ. ಆಗ ಅವರು ತಮ್ಮ ಅಜ್ಜನ ಮನೆಯ ಮಾತು ತೆಗೆದರು. ಅಲಿಬಾಗ್ ತಾಲೂಕಿನ ಒಂದು ಹಳ್ಳಿ. ಊರಿನಲ್ಲಿ ಇವರದ್ದು ಆರೋ ಏಳೋ ಮನೆ. ಸಿನಗಾಗ್ ಕಟ್ಟುವಷ್ಟು ಶಕ್ತಿ ಇಲ್ಲ, ಅಲಿಬಾಗಿಗೆ ನಡೆದು ಹೋಗೋಣವೆಂದರೆ ಶನಿವಾರ ದೂರ ಹೋಗುವಂತಿಲ್ಲ. ಅದಕ್ಕೆ ಅಜ್ಜ ಮನೆಯ ಮುಂದಿನ ಪಡವಿಯನ್ನೇ ಪ್ರಾರ್ಥನೆಗೆ ಬಿಟ್ಟುಕೊಟ್ಟರಂತೆ. ಪಶ್ಚಿಮದ ಗೋಡೆಯಲ್ಲಿ ಒಂದು ಗೂಡು ಕೊರೆಸಿ, ಪರದೆ ಹಾಕಿ, ಅಲಿಬಾಗಿನಿಂದ ತಂದ ಚಿಕ್ಕ ತೋರಾ ಸುರುಳಿಯನ್ನು ಅದರಲ್ಲಿಟ್ಟರು. ಗೂಡು ಪಶ್ಚಿಮಕ್ಕೇ ಯಾಕೆಂದರೆ ಇಲ್ಲಿಂದ ಜೆರುಸಲೇಂ ಇರುವುದು ಆ ದಿಕ್ಕಿಗೆ, ಅರಬಿ ಸಮುದ್ರದಾಚೆ. ಸುತ್ತ ಮರದ ಬೆಂಚು. ಹಿಂದೆ ಗಾಣ, ಮುಂದೆ ದೇವರು, ನಡುವೆ ಸಂಸಾರ.

‘ಪೂಜೆ ಪುನಸ್ಕಾರ ಮಾಡಿ ಪ್ರತಿಷ್ಠೆ ಮಾಡಬೇಕಲ್ಲ?’ ಎಂದು ಕೇಳಿದೆ.

‘ಪ್ರತಿಷ್ಠೆ ಗಿತಿಷ್ಠೆ ಏನಿಲ್ಲ. ಸುರುಳಿ ಬೇಕು, ಹತ್ತು ಗಂಡಸರು ಬೇಕು. ಹತ್ತು ಜನ ಕೂಡಿದರೆ ಅದೇ ಸಿನಗಾಗ್.’

ಹದಿಮೂರು ತುಂಬಿದ ಹತ್ತು ಗಂಡಸರು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತಾದರೆ ತೋರಾ ಸುರುಳಿ ಬಿಚ್ಚಿ ಓದುವಂತಿಲ್ಲ. ನೆಲ ಸಾರಿಸಿ, ದೀಪಕ್ಕೆ ಎಣ್ಣೆ ಹಾಕಿ, ಒಳಗಿನ ಬಾಗಿಲ ಹಿಂದೆ ನಿಂತು ಪ್ರಾರ್ಥನೆ ಕೇಳಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದ ಅವರ ಅಜ್ಜಿ ಆ ಲೆಕ್ಕದಲ್ಲಿ ಇರಲಿಲ್ಲ. ಇದನ್ನು ಹೇಳುವಾಗ ತಾಯಿಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನನಗೇ ಬಂತು. ಆಯಿಗೂ ಎಲ್ಲ ಭಜನೆ ಬಾಯಿಗೆ ಬರುತ್ತಿತ್ತು. ಅಪ್ಪಯ್ಯ ಸಾಲು ಮರೆತರೆ ಒಳಗಿನಿಂದಲೇ ಎತ್ತಿಕೊಡುತ್ತಿದ್ದಳು. ಜಗಲಿಗೆ ಬಂದು ಕೂತದ್ದು ಮಾತ್ರ ಇಲ್ಲ.

ಆ ಮನೆಯನ್ನು ನೋಡಬೇಕೆಂದು ಕಳೆದ ಜನವರಿಯಲ್ಲಿ ಇಬ್ಬರೂ ಹೊರಟೆವು. ಗೇಟ್‌ವೇಯಿಂದ ಮಾಂಡವಾಕ್ಕೆ ಬೋಟು, ಅಲ್ಲಿಂದ ಅಲಿಬಾಗಿಗೆ ಬಸ್ಸು. ಅಲಿಬಾಗಿನಲ್ಲಿ ಒಂದು ಓಣಿಯ ಹೆಸರೇ ಇಸ್ರಾಯೇಲ್ ಆಳಿ. ಅಲ್ಲಿರುವ ಸಿನಗಾಗ್ ಮಾಗೆನ್ ಅಬೋಥ್. 1848ರಲ್ಲಿ ಮೊದಲು ಕಟ್ಟಿದ್ದು, ಈಗಿನ ಕಟ್ಟಡ 1910ರದ್ದು. ನಡುವೆ ಓದುವ ಕಟ್ಟೆ, ಎದುರಿಗೆ ಪರದೆ ಹಾಕಿದ ಕಪಾಟು, ತೂಗುವ ದೀಪ. ಯಾರೂ ಕೂರದ ಒಂದು ಕುರ್ಚಿ, ಎಲಿಯಾಹು ಹನ್ನಾಬಿಗೆ ಮೀಸಲು. ಚೊಕ್ಕಟವಾಗಿತ್ತು. ಹತ್ತು ಜನ ಕೂಡುವುದು ಈಗ ಕಷ್ಟ, ಹಬ್ಬಕ್ಕೆ ಮುಂಬಯಿಯಿಂದ ಬರುತ್ತಾರೆ ಎಂದರು. 1948ರ ನಂತರ ಬೆನೆ ಇಸ್ರೇಲಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಭಾರತದಲ್ಲಿ ಈಗ ಎಲ್ಲ ಯಹೂದಿಗಳು ಸೇರಿದರೂ ಐದು ಸಾವಿರದೊಳಗೆ. ತಾಯಿಯ ಅಣ್ಣ ತಮ್ಮಂದಿರು ದಿಮೋನಾದಲ್ಲಿದ್ದಾರೆ. ಮರುಭೂಮಿಯ ಊರು. ಅಲ್ಲಿ ಮನೆಯಲ್ಲಿ ಮರಾಠಿ ಮಾತಾಡುತ್ತಾರಂತೆ, ಬೊಂಬಿಲ್ ಸಿಗುವುದಿಲ್ಲವೆಂದು ಅಳುತ್ತಾರಂತೆ. (ಅದು ಬಾಯಿಮಾತು, ಹುರುಪೆ ಇಲ್ಲದ ಮೀನು ಇವರಿಗೆ ವರ್ಜ್ಯ, ಬೊಂಬಿಲಿಗೆ ಹುರುಪೆ ಇದೆಯೋ ಇಲ್ಲವೋ ಎಂದು ಬೋಟಿನಲ್ಲಿ ಅರ್ಧ ಗಂಟೆ ವಾದ ಮಾಡಿದೆವು.)

ಹಳ್ಳಿಯ ಮನೆಗೆ ಹೋದಾಗ ಮಧ್ಯಾಹ್ನ. ಈಗ ಅಲ್ಲಿರುವುದು ಒಂದು ಕೋಳಿ ಕುಟುಂಬ, ಮೀನುಗಾರರು. ತಾಯಿಯ ತಂದೆಯಿಂದ 1968ರಲ್ಲಿ ಕೊಂಡವರು. ತುಂಬ ಪ್ರೀತಿಯಿಂದ ಒಳಗೆ ಕರೆದರು. ಪಡವಿಯಲ್ಲಿ ಬಲೆ ಹರಡಿ ಒಬ್ಬ ಹುಡುಗ ಹರಿದದ್ದನ್ನು ಹೆಣೆಯುತ್ತಿದ್ದ. ಅಂಗಳದಲ್ಲಿ ಸೀಗಡಿ ಒಣಗಿಸಿದ್ದರು. ಬಾಗಿಲ ಚೌಕಟ್ಟಿನ ಬಲಗಡೆ ಎರಡು ಮೊಳೆಯ ತೂತು, ಮೇಲೆ ನೀಲಿ ಬಣ್ಣ. ಮೆಝುಝಾ ಹೊಡೆದಿದ್ದ ಜಾಗ ಅದು, ದೇವವಾಕ್ಯದ ಚೀಟಿ ಇಟ್ಟ ಚಿಕ್ಕ ಕೊಳವೆ. ಪಶ್ಚಿಮದ ಗೋಡೆಯ ಗೂಡು ಹಾಗೇ ಇತ್ತು. ಅದರಲ್ಲಿ ಮಿಕ್ಸರ್ ಇಟ್ಟಿದ್ದರು.

ನಾನು ತಾಯಿಯ ಮುಖ ನೋಡಿದೆ. ಅವರು, ‘ಪ್ಲಗ್ ಪಾಯಿಂಟ್ ಅಲ್ಲೇ ಇದೆ, ಇನ್ನೆಲ್ಲಿ ಇಡುತ್ತಾರೆ?’ ಎಂದು ಚಹಾ ಕುಡಿದರು.

ವಾಪಸು ಬರುವಾಗ ಬೋಟಿನಲ್ಲಿ ಬಿಡಿಸಿ ಹೇಳಿದರು. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಮಿಷ್ನಾ ಎಂಬ ಧರ್ಮನಿಯಮಗಳ ಗ್ರಂಥದಲ್ಲಿ ಪಾಳುಬಿದ್ದ ಸಿನಗಾಗಿನ ಬಗ್ಗೆ ವಿವರವಾಗಿ ಇದೆ. ಪಾಳುಬಿದ್ದರೂ ಅದರ ಪಾವಿತ್ರ್ಯ ಹೋಗುವುದಿಲ್ಲ. ಅಲ್ಲಿ ಹಗ್ಗ ಹೊಸೆಯಬಾರದು, ಬಲೆ ಹರಡಬಾರದು, ಮಾಡಿನ ಮೇಲೆ ಹಣ್ಣು ಒಣಗಿಸಬಾರದು, ಅಡ್ಡದಾರಿ ಅಂತ ಒಳಗಿನಿಂದ ದಾಟಿ ಹೋಗಬಾರದು. ಒಳಗೆ ಹುಲ್ಲು ಬೆಳೆದರೆ ಕೀಳಬಾರದು, ನೋಡಿದವರ ಮನಸ್ಸು ನೋಯಲಿ ಎಂದು. ಈ ಕೊನೆಯದು ಕೇಳಿ ನಾನು ಸುಮ್ಮನಾದೆ. ನಮ್ಮಲ್ಲಾದರೆ ಜೀರ್ಣೋದ್ಧಾರ ಸಮಿತಿ ಮಾಡಿ ರಸೀದಿ ಪುಸ್ತಕ ಹಿಡಿದು ಹೊರಡುತ್ತೇವೆ. ಇವರು ನೋವನ್ನು ಹಾಗೇ ಇರಲು ಬಿಡಿ ಎನ್ನುತ್ತಾರೆ.

‘ಹಾಗಿದ್ದರೆ ಆ ಬಲೆ, ಆ ಸೀಗಡಿ?’

‘ಅಜ್ಜ ಶಾಣ್ಯಾ. ಮನೆಯನ್ನು ದೇವರಿಗೆ ಕೊಡಲೇ ಇಲ್ಲ. ಎರವಲು ಕೊಟ್ಟರು. ಹತ್ತು ಜನ ಇರುವವರೆಗೆ ಅಂತ ಮೊದಲೇ ಹೇಳಿದ್ದರು.’

ಅದಕ್ಕೂ ಶಾಸ್ತ್ರವಿದೆಯಂತೆ. ಬ್ಯಾಬಿಲೋನಿನ ಸಿನಗಾಗುಗಳನ್ನು ಷರತ್ತಿನ ಮೇಲೆ ಕಟ್ಟಿದ್ದರು ಎಂದು ತಾಲ್ಮುಡ್ ಹೇಳುತ್ತದೆ. ಪರದೇಶದಲ್ಲಿರುವ ಜನ, ನಾಳೆ ಎಲ್ಲಿರುತ್ತೇವೋ ಗೊತ್ತಿಲ್ಲ, ಆದ್ದರಿಂದ ಕಟ್ಟುವಾಗಲೇ ಒಂದು ಮಾತು ಉಳಿಸಿಕೊಂಡರು. ಅಜ್ಜನ ಕಾಲದಲ್ಲಿ ಹತ್ತು ಜನ ಎಂಟಾದರು, ಎಂಟು ಐದಾದರು. ಆಗ ಸುರುಳಿಯನ್ನು ಅಲಿಬಾಗಿಗೆ ಒಯ್ದು ಒಪ್ಪಿಸಿದರು. ಗಾಡಿಯಲ್ಲಿ ಸಾಮಾನಿನ ಜೊತೆ ಹಾಕಿ ಕಳಿಸಲಿಲ್ಲ, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಸರದಿಯ ಮೇಲೆ ಹೊತ್ತು ನಡೆದರಂತೆ. ಪಡವಿ ಮತ್ತೆ ಪಡವಿಯಾಯಿತು.

ಮನೆಗೆ ಬಂದು ಮಗಳಿಗೆ ಇದೆಲ್ಲ ಹೇಳಿದೆ. ಅವಳು ಪುಣೆಯಲ್ಲಿ ವಾಸ್ತುಶಿಲ್ಪ ಓದಿದವಳು. ‘ಅಮ್ಮಾ, ಇದು ದುರಾ ಯುರೋಪೊಸ್, ನಮಗೆ ಎರಡನೆಯ ಸೆಮಿಸ್ಟರಿಗೆ ಇತ್ತು’ ಎಂದು ಒಂದು ನಕ್ಷೆ ವಾಟ್ಸಾಪ್ ಮಾಡಿದಳು. ಅಂದಿನಿಂದ ಒಂದು ತಿಂಗಳು ನಾನು ಓದಿದ್ದು ಬರೀ ಅದನ್ನೇ.

ದುರಾ ಯುರೋಪೊಸ್ ಈಗಿನ ಸಿರಿಯಾದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯ ಎತ್ತರದಲ್ಲಿ ಇದ್ದ ಸಣ್ಣ ಕೋಟೆಪಟ್ಟಣ. ಗ್ರೀಕರು ಕಟ್ಟಿದ್ದು, ಪಾರ್ಥಿಯನ್ನರು ಆಳಿದ್ದು, ಕೊನೆಗೆ ರೋಮನ್ ಸೈನಿಕರ ಠಾಣ್ಯ. ಪಶ್ಚಿಮದ ಕೋಟೆಗೋಡೆಗೆ ತಾಗಿದ ಓಣಿಯಲ್ಲಿ ಒಂದು ಸಾಧಾರಣ ಮನೆ. ನಡುವೆ ಅಂಗಳ, ಸುತ್ತ ಕೋಣೆಗಳು. ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಯಹೂದಿಗಳು ಆ ಮನೆಯನ್ನು ಸಿನಗಾಗ್ ಮಾಡಿಕೊಂಡರು. ಮಾಡಿದ ಬದಲಾವಣೆ ಸ್ವಲ್ಪವೇ. ಒಂದು ಕೋಣೆಯನ್ನು ದೊಡ್ಡದು ಮಾಡಿ ಗೋಡೆಯ ಸುತ್ತ ಕೂರಲು ಕಟ್ಟೆ ಕಟ್ಟಿದರು. ಹೊರಗಿನಿಂದ ನೋಡಿದವರಿಗೆ ಓಣಿಯ ಇನ್ನೊಂದು ಮನೆ, ಅಷ್ಟೆ. ಅದೇ ಗೋಡೆಯ ಉದ್ದಕ್ಕೆ ಸ್ವಲ್ಪ ಆಚೆ ಕ್ರೈಸ್ತರು ಕೂಡ ಒಂದು ಮನೆಯ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಚರ್ಚ್ ಮಾಡಿಕೊಂಡಿದ್ದರು. ನಮಗೆ ಸಿಕ್ಕಿರುವ ಅತಿ ಹಳೆಯ ಚರ್ಚುಗಳಲ್ಲಿ ಅದೊಂದು. ರೋಮನ್ ಸೈನಿಕರ ಮಿಥ್ರ ದೇವರ ಗುಡಿಯೂ ಮೊದಲು ಯಾರದೋ ಮನೆಯ ಕೋಣೆ. ಒಂದೇ ಓಣಿಯಲ್ಲಿ ಮೂರು ಮತದವರು ಮೂರು ಮನೆ ಹಿಡಿದು ತಂತಮ್ಮ ದೇವರನ್ನು ಕೂರಿಸಿಕೊಂಡಿದ್ದರು. ಡೊಂಬಿವಲಿಯ ಹಾಗೆ ಕಂಡಿತು ನನಗೆ.

ಜನ ಹೆಚ್ಚಾದಂತೆ ಯಹೂದಿಗಳು ಪಕ್ಕದ ಮನೆಯನ್ನೂ ಸೇರಿಸಿಕೊಂಡು, ಕ್ರಿ.ಶ. 244–45ರಲ್ಲಿ ಸಭಾಂಗಣವನ್ನು ಹೊಸದಾಗಿ ಕಟ್ಟಿದರು. ಹೆಚ್ಚುಕಡಿಮೆ 14 ಮೀಟರ್ ಉದ್ದ, 8 ಮೀಟರ್ ಅಗಲ. ಪಶ್ಚಿಮದ ಗೋಡೆಯಲ್ಲಿ ಸುರುಳಿಗೆ ಗೂಡು. ಚಾವಣಿಗೆ ಹಚ್ಚಿದ ಮಣ್ಣಿನ ಬಿಲ್ಲೆಗಳಲ್ಲಿ ಹೂವು, ಹಣ್ಣು, ಮುಖಗಳ ಚಿತ್ರ. ಕೆಲವು ಬಿಲ್ಲೆಗಳ ಮೇಲೆ ಕಟ್ಟಿದ ವರ್ಷ, ಮುಂದೆ ನಿಂತು ಕಟ್ಟಿಸಿದವರ ಹೆಸರು. ಅರಮೇಯಿಕ್ ಭಾಷೆಯ ಆ ಬರಹ ಕಟ್ಟಡವನ್ನು ಕರೆಯುವುದು ಬರೀ ಮನೆ ಎಂದು. ಈ ಮನೆ ಇಂಥ ವರ್ಷ ಕಟ್ಟಿದ್ದು ಅಂತ. ಕಟ್ಟಿಸಿದವರಲ್ಲಿ ಮುಖ್ಯರು ಯೆದಾಯಾನ ಮಗ ಸ್ಯಾಮ್ಯುಯೆಲ್. ಮಾಂಡವಿಯ ಸ್ಯಾಮ್ಯುಯೆಲ್‌ಗಿಂತ ಸಾವಿರದೈನೂರು ವರ್ಷ ಹಿಂದಿನವರು.

ಆಮೇಲೆ ಗೋಡೆಗಳ ತುಂಬ ಚಿತ್ರ ಬರೆಸಿದರು. ಯಹೂದಿಗಳು ಚಿತ್ರವನ್ನೇ ಒಪ್ಪುವುದಿಲ್ಲ ಎಂದು ತಿಳಿದಿದ್ದ ವಿದ್ವಾಂಸರೆಲ್ಲ ಇದನ್ನು ನೋಡಿ ಬೆಕ್ಕಸಬೆರಗಾದರಂತೆ. ನದಿಯಲ್ಲಿ ತೇಲಿಬಂದ ಮೋಶೆ ಮಗು, ಸಮುದ್ರ ದಾಟುವ ಜನ, ಎದ್ದು ನಿಲ್ಲುವ ಸತ್ತವರ ಎಲುಬು, ರಾಣಿ ಎಸ್ತೇರ್. ಎಲೀಯನೂ ಇದ್ದಾನೆ, ವಿಧವೆಯ ಸತ್ತ ಮಗುವನ್ನು ಬದುಕಿಸುತ್ತಾ. ಕೊಂಕಣದ ಮಲಿದಾ ಹರಿವಾಣದ ಎಲಿಯಾಹು ಹನ್ನಾಬಿ ಇವನೇ. ಆ ಚಿತ್ರದ ಫೋಟೋ ತಾಯಿಗೆ ಕಳಿಸಿದೆ. ವಿಧವೆ ಕಪ್ಪು ಬಟ್ಟೆಯಲ್ಲಿ ಮಗುವನ್ನು ಎತ್ತಿ ಹಿಡಿದಿದ್ದಾಳೆ, ಪಕ್ಕದಲ್ಲಿ ಅವಳೇ ಬೆಳ್ಳಗಿನ ಬಟ್ಟೆಯಲ್ಲಿ ಬದುಕಿದ ಮಗುವಿನ ಜೊತೆ. ತಾಯಿ ಉತ್ತರ ಬರೆದದ್ದು ಒಂದೇ ಸಾಲು: ‘ಹೆಂಗಸರನ್ನು ಗೋಡೆಯ ಮೇಲಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.’

ಇಷ್ಟೆಲ್ಲ ಮಾಡಿ ಅವರು ಆ ಮನೆಯಲ್ಲಿ ಕೂತದ್ದು ಹನ್ನೆರಡು ವರ್ಷ ಮಾತ್ರ. 256ರ ಸುಮಾರಿಗೆ ಪರ್ಷಿಯದ ಸೈನ್ಯ ಬಂತು. ಕೋಟೆಗೋಡೆ ಗಟ್ಟಿ ಮಾಡಲು ರೋಮನ್ನರು ಗೋಡೆಯ ಪಕ್ಕದ ಓಣಿಯನ್ನೂ ಮನೆಗಳನ್ನೂ ಮಣ್ಣು ತುಂಬಿ ಮುಚ್ಚಿದರು. ಆದರೂ ಪಟ್ಟಣ ಬಿತ್ತು. ಜನ ಮತ್ತೆ ಬರಲಿಲ್ಲ. ಮಣ್ಣಿನಡಿಯಲ್ಲಿ ಚಿತ್ರಗಳು ಹಾಗೇ ಉಳಿದವು. 1932ರ ನವೆಂಬರಿನಲ್ಲಿ ಯೇಲ್ ವಿಶ್ವವಿದ್ಯಾಲಯ ಮತ್ತು ಫ್ರೆಂಚರ ಉತ್ಖನನ ತಂಡ, ಕ್ಲಾರ್ಕ್ ಹಾಪ್ಕಿನ್ಸರ ನೇತೃತ್ವದಲ್ಲಿ, ಮಣ್ಣು ಸರಿಸಿದಾಗ ಬಣ್ಣ ಮಾಸದ ಗೋಡೆ ಕಂಡಿತು. ಗೋಡೆಗಳನ್ನು ಬಿಡಿಸಿ ಒಯ್ದು ದಮಾಸ್ಕಸ್ಸಿನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಕೋಣೆಯಾಗಿ ಜೋಡಿಸಿದ್ದಾರೆ. ಪಟ್ಟಣದ ಜಾಗವನ್ನು ಇತ್ತೀಚಿನ ಯುದ್ಧದ ವರ್ಷಗಳಲ್ಲಿ ಕಳ್ಳರು ಅಗೆದು ಹಾಕಿದರು. ಉಪಗ್ರಹದ ಚಿತ್ರದಲ್ಲಿ ಸಿಡುಬಿನ ಮುಖದ ಹಾಗೆ ಕಾಣುತ್ತದೆ.

ರಾತ್ರಿ ಮಗಳು ಕಳಿಸಿದ ನಕ್ಷೆಯ ಮೇಲೆ ಪೆನ್ಸಿಲಿನಿಂದ ನಮ್ಮ ಮನೆಯ ಹೆಸರುಗಳನ್ನು ಬರೆದು ನೋಡಿದೆ. ಇದು ಅಂಗಳ, ಇದು ಜಗಲಿ, ಇಲ್ಲಿ ಆಯಿ ಭತ್ತ ಕುಟ್ಟುತ್ತಿದ್ದದ್ದು. ಚೆನ್ನಾಗಿಯೇ ಹೊಂದಿತು. ದುರಾದಲ್ಲಿ ಮೊದಲು ಆ ಮನೆ ಕೊಟ್ಟವರು ಯಾರು ಎಂದು ಪುಸ್ತಕಗಳಲ್ಲಿ ಹುಡುಕಿದೆ. ಹೆಸರು ಉಳಿದಿರುವುದು ಹೊಸದಾಗಿ ಕಟ್ಟಿಸಿದವರದ್ದು. ಅದಕ್ಕೆ ಮೊದಲು ಅಲ್ಲಿ ಅಡಿಗೆ ಮಾಡಿ, ಮಕ್ಕಳನ್ನು ಮಲಗಿಸಿದವರದ್ದಲ್ಲ.

ಅಣ್ಣನಿಗೆ ಫೋನು ಮಾಡಿ, ದಾನಪತ್ರ ಬೇಡ, ತಾಯಿಯ ಅಜ್ಜನ ಹಾಗೆ ಎರವಲು ಕೊಡೋಣ ಎಂದೆ. ಅಣ್ಣ ತಾಳ್ಮೆಯಿಂದ ವಿವರಿಸಿದರು. ಕಟ್ಟಡ ಮಂಡಳಿಯ ಹೆಸರಿನಲ್ಲಿ ಇಲ್ಲದಿದ್ದರೆ ಸರ್ಕಾರದ ಅನುದಾನ ಬರುವುದಿಲ್ಲ, ಅನುದಾನ ಬರದಿದ್ದರೆ ಮಾಡು ರಿಪೇರಿಯಾಗುವುದಿಲ್ಲ, ಮಾಡು ಬಿದ್ದರೆ ಎರವಲು ಕೊಡಲು ಏನೂ ಉಳಿಯುವುದಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ಷರತ್ತು ಬರೆಯಬಹುದಲ್ಲ ಎಂದೆ. ಕುಮಟೆಯ ವಕೀಲರು ಬರೆಯಬಹುದು ಎಂದರು.

ನಾನು ಮೂರು ಬರೆದು ಕಳಿಸಿದೆ. ಜಗಲಿಗೆ ಗ್ರಿಲ್ ಹಾಕಬಾರದು, ಹಂಚು ಇಳಿಸಬಾರದು. ಜಗಲಿಯ ಮೇಲೆ ಕೂತು ಹೆಂಗಸರೂ ಹಾಡಬಹುದು, ಮಂಡಳಿಯಲ್ಲಿ ಸದಸ್ಯರೂ ಆಗಬಹುದು. ಮುಂದೆಂದಾದರೂ ಭಜನೆ ನಿಂತರೆ ಮನೆಯನ್ನು ಮಾರಬಾರದು. ಅಂಗನವಾಡಿಗೆ ಕೊಡಿ, ಯಾರೂ ಬೇಡವೆಂದರೆ ಹಾಗೇ ಬಿಡಿ, ಅಂಗಳದಲ್ಲಿ ಹುಲ್ಲು ಬೆಳೆದರೂ ಬೆಳೆಯಲಿ.

ಮೊದಲನೆಯದಕ್ಕೆ ಮಂಡಳಿಯವರು ಗೊಣಗಿದರು, ಮಂಗನ ಕಾಟಕ್ಕೆ ಗ್ರಿಲ್ ಬೇಕೇ ಬೇಕು ಎಂದರು. ಎರಡನೆಯದಕ್ಕೆ ಯಾರೂ ಬೇಡ ಅನ್ನಲಿಲ್ಲ, ಅಧ್ಯಕ್ಷರ ಸೊಸೆಯೇ ಹಾರ್ಮೋನಿಯಂ ಬಾರಿಸುತ್ತಾಳಂತೆ. ಆಯಿ ಇದ್ದಿದ್ದರೆ ಎಂದುಕೊಂಡೆ. ಮೂರನೆಯದನ್ನು ಓದಿ ಅಣ್ಣ ಫೋನಿನಲ್ಲಿ ನಕ್ಕುಬಿಟ್ಟರು. ‘ತಂಗೀ, ಹುಲ್ಲು ಕೀಳದೆ ಇದ್ರೆ ಹಾವು ಬರ್ತದೆ ಮಾರಾಯ್ತಿ.’ ಹುಲ್ಲಿನ ಸಾಲನ್ನು ತೆಗೆಸಿದೆ. ಉಳಿದದ್ದು ಇದೆ. ಗ್ರಿಲ್ಲಿನ ಮಾತು ಇನ್ನೂ ಮುಗಿದಿಲ್ಲ.

ಇಷ್ಟರ ನಡುವೆ ಯಾರಿಗೂ ಹೊಳೆಯದ ಒಂದು ವಿಷಯವನ್ನು ಎತ್ತಿದವರು ಅತ್ತಿಗೆ. ಮನೆ ಭಜನಾ ಮಂದಿರವಾದರೆ ಎದುರಿಗೆ ವಿಠ್ಠಲನ ದೊಡ್ಡ ಫೋಟೋ ಬರುತ್ತದೆ, ಸರಿ. ನಮ್ಮ ದೇವರ ಮನೆಯ ದೇವರು ಎಲ್ಲಿಗೆ ಹೋಗಬೇಕು? ತಾಮ್ರದ ಗಣಪತಿ, ಸವೆದ ಮುಖದ ಲಕ್ಷ್ಮಿ, ಅಜ್ಜ ಕಾಶಿಯಿಂದ ತಂದ ಗಂಗೆಯ ಗಿಂಡಿ. ಊರಿನ ದೇವರಿಗೆ ಮನೆ ಸಿಕ್ಕಿತು, ಮನೆಯ ದೇವರು ಬೀದಿಗೆ ಬಿದ್ದ ಹಾಗಾಯಿತು. ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಮಡಿ ಮೈಲಿಗೆ ನಡೆಯುವುದಿಲ್ಲ ಎಂದರು ಅತ್ತಿಗೆ. ತಮ್ಮನ ಮನೆಯಲ್ಲಿ ನಾಯಿ ಇದೆ. ನಾನು ಒಯ್ಯುತ್ತೇನೆ ಎಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊಟ್ಟ ಹೆಣ್ಣು ತವರಿನ ದೇವರನ್ನು ಒಯ್ಯುವುದು ನಮ್ಮಲ್ಲಿ ಕೇಳಿದ್ದಲ್ಲ. ಭಟ್ಟರನ್ನು ಕೇಳಬೇಕು ಎಂದರು ಅಣ್ಣ. ಎರಡು ದಿನ ಬಿಟ್ಟು, ಭಟ್ಟರನ್ನು ಕೇಳಿದರೋ ಇಲ್ಲವೋ, ‘ಒಯ್ಯಿ’ ಎಂದು ಮೆಸೇಜು ಹಾಕಿದರು.

ನೋಂದಣಿ ಮುಂದಿನ ತಿಂಗಳ ಎರಡನೆಯ ವಾರ. ವಾಪಸು ಬರಲು ಮತ್ಸ್ಯಗಂಧದಲ್ಲಿ ಟಿಕೆಟ್ ಮಾಡಿಸಿದ್ದೇನೆ, ಕುಮಟೆಯಿಂದ ಠಾಣೆಗೆ, ಕೆಳಗಿನ ಬರ್ತು. ಸ್ಟೀಲಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಸೂಟ್‌ಕೇಸಿನೊಳಗೆ ಬಟ್ಟೆಗಳ ನಡುವೆ ಇಟ್ಟರೆ ಅಲುಗುವುದಿಲ್ಲ ಎಂದು ನನ್ನ ಗಂಡನ ಸಲಹೆ. ತಾಯಿ ಅದನ್ನು ಒಪ್ಪಲಿಲ್ಲ. ‘ಸಾಮಾನಿನ ಜೊತೆ ಹಾಕಬೇಡ, ತೊಡೆಯ ಮೇಲೆ ಇಟ್ಟುಕೋ. ನಿದ್ದೆ ಬಂದರೆ ನನಗೆ ಕೊಡು’ ಎಂದರು. ಅವರೂ ಬರುತ್ತಿದ್ದಾರೆ, ಪಕ್ಕದ ಬರ್ತು.